ಗಿಟಾರ್ ಹಿಡಿದ ಬೇತಾಳ

1977ರಲ್ಲಿ ಮುಖಕ್ಕೆ ಬಣ್ಣ ಬಳಿದುಕೊಂಡ ನಾಲ್ವರು ರಾಕ್ ಸಂಗೀತಗಾರರು ನ್ಯೂಯಾರ್ಕ್ ರಾಜ್ಯದ ಒಂದು ಶಾಯಿ ಕಾರ್ಖಾನೆಗೆ ಹೋದರು. ಜೊತೆಗೆ ಒಯ್ದದ್ದು ತಮ್ಮದೇ ರಕ್ತ. ಇದು ಇವರದೇ ರಕ್ತ ಎಂದು ನೋಟರಿಯಿಂದ ಬರೆಸಿಕೊಂಡು, ಕೆಂಪು ಶಾಯಿಯ ಪೀಪಾಯಿಗೆ ಅದನ್ನು ಸುರಿದರು. ಆ ಶಾಯಿ ಹೋಗಬೇಕಿದ್ದುದು ‘ಕಿಸ್’ ಬ್ಯಾಂಡಿನ ಮೇಲೆ ಮಾರ್ವೆಲ್ ಕಂಪನಿ ತರುತ್ತಿದ್ದ ಕಾಮಿಕ್ಸ್ ಪುಸ್ತಕಕ್ಕೆ. ಬೆಲೆ ಒಂದೂವರೆ ಡಾಲರ್. ಅಭಿಮಾನಿಗಳು ಮುಗಿಬಿದ್ದು ಕೊಂಡರು.

ಪ್ರಚಾರದ ಗಿಮಿಕ್ಕು, ನಿಜ. ಆದರೆ ನಮ್ಮ ಕಡೆಯವರು ಇದನ್ನು ಕೇಳಿ ಬೆರಗಾಗಬೇಕಿಲ್ಲ. ರಕ್ತದಲ್ಲಿ ಪುಸ್ತಕ ಬರೆದ ಗುಣಾಢ್ಯನ ಕಥೆ ನಮ್ಮಲ್ಲಿ ಸಾವಿರ ವರ್ಷದಿಂದ ಓಡಾಡುತ್ತಿದೆ. ರಾಕ್ ಸಂಗೀತಗಾರರ ಭಯಾನಕ ಕಾಮಿಕ್ಸ್‌ಗಳ ಬಗ್ಗೆ ಬರೆಯಲು ಕುಳಿತ ನನ್ನನ್ನು ಅವರಿಗಿಂತ ಹೆಚ್ಚಾಗಿ ಹಿಡಿದುಕೊಂಡವನು ಈ ಗುಣಾಢ್ಯನೇ.

ಕಾಶ್ಮೀರದ ಸೋಮದೇವ ಹನ್ನೊಂದನೆಯ ಶತಮಾನದಲ್ಲಿ ‘ಕಥಾಸರಿತ್ಸಾಗರ’ದಲ್ಲಿ ಹೇಳುವುದು ಹೀಗೆ. ಗೋದಾವರಿ ದಡದ ಪ್ರತಿಷ್ಠಾನದಲ್ಲಿ ಸಾತವಾಹನ ರಾಜ. ಜಲಕ್ರೀಡೆಯ ಹೊತ್ತಿನಲ್ಲಿ ರಾಣಿ ಆಡಿದ ಸಂಸ್ಕೃತ ಅವನಿಗೆ ತಿಳಿಯದೆ ನಗೆಪಾಟಲಾದ. ವ್ಯಾಕರಣ ಕಲಿಸಲು ಆರು ವರ್ಷ ಬೇಕೆಂದ ಮಂತ್ರಿ ಗುಣಾಢ್ಯ. ಆರೇ ತಿಂಗಳು ಸಾಕೆಂದ ಇನ್ನೊಬ್ಬ ಮಂತ್ರಿ ಶರ್ವವರ್ಮ. ಅದು ಸಾಧ್ಯವಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುತ್ತೇನೆಂದು ಗುಣಾಢ್ಯ ಪಣ ಕಟ್ಟಿದ, ಸೋತ. ಮಾತೇ ಇಲ್ಲದವನಾಗಿ ವಿಂಧ್ಯದ ಕಾಡು ಸೇರಿದ. ಅಲ್ಲಿ ಕಲಿತದ್ದು ಪಿಶಾಚಿಗಳ ಭಾಷೆಯಾದ ಪೈಶಾಚಿ. ಕಾಣಭೂತಿ ಎಂಬ ಪಿಶಾಚಿಯ ಬಾಯಿಂದ ಕೇಳಿದ ಕಥೆಗಳನ್ನು ಆ ಭಾಷೆಯಲ್ಲೇ ಏಳು ಲಕ್ಷ ಶ್ಲೋಕಗಳಾಗಿ ಬರೆದ. ಕಾಡಿನಲ್ಲಿ ಮಸಿ ಎಲ್ಲಿ ಸಿಗಬೇಕು? ತನ್ನ ರಕ್ತದಲ್ಲೇ ಬರೆದ. ಶಿಷ್ಯರು ಹೊತ್ತು ತಂದ ಕಟ್ಟನ್ನು ನೋಡಿ ರಾಜ ಮುಖ ಸಿಂಡರಿಸಿದ: ಪಿಶಾಚಿ ಭಾಷೆ, ಮೇಲೆ ರಕ್ತದ ಅಕ್ಷರ!

ಗುಣಾಢ್ಯ ಗುಡ್ಡದ ಮೇಲೆ ಬೆಂಕಿ ಹಾಕಿ ಕೂತ. ಒಂದೊಂದೇ ಎಲೆಯನ್ನು ಓದಿ ಹೇಳುವುದು, ಬೆಂಕಿಗೆ ಹಾಕುವುದು. ಕೇಳುಗರು ಕಾಡಿನ ಮೃಗಪಕ್ಷಿಗಳು. ಅವು ಮೇವು ಮರೆತು ಕಣ್ಣೀರಿಡುತ್ತ ನಿಂತವು. ಅತ್ತ ಅರಮನೆಯಲ್ಲಿ ಒಣಕಲು ಮಾಂಸ ತಿಂದು ರಾಜನಿಗೆ ಕಾಯಿಲೆ. ಅಡುಗೆಯವರು ಬೇಟೆಗಾರರನ್ನು ದೂರಿದರು. ಬೇಟೆಗಾರರು ನಿಜ ಹೇಳಿದರು. ರಾಜ ಓಡಿ ಬರುವ ಹೊತ್ತಿಗೆ ಆರು ಲಕ್ಷ ಶ್ಲೋಕ ಬೂದಿಯಾಗಿ ಒಂದು ಲಕ್ಷ ಉಳಿದಿತ್ತು. ಅದೇ ‘ಬೃಹತ್ಕಥೆ’. ನನಗಂತೂ ಕಿಸ್ ಬ್ಯಾಂಡಿನ ನೋಟರಿಗಿಂತ ಸೊರಗಿದ ಜಿಂಕೆಗಳ ಸಾಕ್ಷಿಯೇ ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಈ ಕಥೆಗೂ ಮೈಸೂರು ಸೀಮೆಗೂ ನಂಟಿದೆ. ನಮ್ಮದೇ ಜಿಲ್ಲೆಯ ತಲಕಾಡಿನಿಂದ ಆಳಿದ ಗಂಗರಲ್ಲಿ ಆರನೆಯ ಶತಮಾನದ ದುರ್ವಿನೀತ, ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ‘ಕವಿರಾಜಮಾರ್ಗ’ ಕನ್ನಡದ ಹಳೆಯ ಗದ್ಯಕಾರರನ್ನು ಹೆಸರಿಸುವಾಗ ಅಲ್ಲೂ ದುರ್ವಿನೀತನಿದ್ದಾನೆ. ಕೃತಿ ಮಾತ್ರ ಉಳಿದಿಲ್ಲ. ಹೆಣದೊಳಗೆ ಹೊಕ್ಕು, ಅದನ್ನು ಹೊತ್ತ ರಾಜನಿಗೆ ಕಥೆ ಹೇಳುವ ಬೇತಾಳದ ಇಪ್ಪತ್ತೈದು ಕಥೆಗಳು ಮೂಲ ಬೃಹತ್ಕಥೆಯಲ್ಲಿ ಇದ್ದವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸೋಮದೇವನಲ್ಲಂತೂ ಇವೆ. ಹೆಣ ಹೊರುವ ರಾಜನ ಹೆಸರು ಅಲ್ಲಿ ತ್ರಿವಿಕ್ರಮಸೇನ. ನಾವು ಛಲ ಬಿಡದ ತ್ರಿವಿಕ್ರಮ ಎನ್ನುವುದು ಇವನನ್ನೇ.

ಈಗ ಗಿಟಾರಿನವರಿಗೆ ಬರೋಣ. ಕಿಸ್ ಪುಸ್ತಕ ಬ್ಯಾಂಡಿನ ಸಾಹಸಗಳದ್ದು, ಬರೆದವರು ಮಾರ್ವೆಲ್ ಕಂಪನಿಯವರು. ಸಂಗೀತಗಾರ ತಾನೇ ಮುಂದೆ ನಿಂತು ಭಯಾನಕ ಕಥೆಗಳ ಮಾಲೆ ಹೊರಡಿಸಿದ್ದು ಆಮೇಲೆ. ‘ಮಿಸ್‌ಫಿಟ್ಸ್’ ಬ್ಯಾಂಡ್ ಕಟ್ಟಿದ ಗ್ಲೆನ್ ಡ್ಯಾನ್‌ಜಿಗ್ 1994ರಲ್ಲಿ ‘ವೆರೊಟಿಕ್’ ಎಂಬ ಪ್ರಕಾಶನವನ್ನೇ ತೆರೆದರು. ಅವರ ಪುಸ್ತಕಗಳು ಮಕ್ಕಳ ಕೈಗೆ ಕೊಡುವಂಥವಲ್ಲ. ರಾಬ್ ಜಾಂಬಿ 2003ರಲ್ಲಿ ‘ಸ್ಪೂಕ್‌ಶೋ ಇಂಟರ್‌ನ್ಯಾಷನಲ್’ ಮಾಲೆ ಆರಂಭಿಸಿದರು. 1932ರ ಒಂದು ಹಳೆಯ ದೆವ್ವದ ಸಿನಿಮಾದ ಹೆಸರನ್ನೇ ತಮ್ಮ ‘ವೈಟ್ ಜಾಂಬಿ’ ಬ್ಯಾಂಡಿಗೆ ಇಟ್ಟಿದ್ದವರು ಅವರು. ಒಂದೇ ಸಂಚಿಕೆಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಥೆ. ಮುಖವಾಡ ತೊಟ್ಟ ಕುಸ್ತಿಪಟು ಎಲ್ ಸೂಪರ್‌ಬೀಸ್ಟೊ ಹುಟ್ಟಿದ್ದು ಅಲ್ಲೇ. 2009ರಲ್ಲಿ ಅವನ ಮೇಲೆ ಕಾರ್ಟೂನ್ ಸಿನಿಮಾ ಬಂತು.

ಇವರೆಲ್ಲ ಹುಡುಗರಾಗಿ ಬೆಳೆದದ್ದು ಅಮೆರಿಕದ ‘ಇ.ಸಿ.’ ಎಂಬ ಕಾಮಿಕ್ಸ್ ಕಂಪನಿಯ ನೆರಳಿನಲ್ಲಿ. ಅದು 1950ರಲ್ಲಿ ಆರಂಭಿಸಿದ ಮೂರು ಭಯಾನಕ ಪತ್ರಿಕೆಗಳಲ್ಲಿ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಹೆಚ್ಚು ಹೆಸರಾಯಿತು. ಅಲ್ಲಿ ಕೆಲಸ ತಲೆಕೆಳಗು. ಮೊದಲು ಪುಟದ ಮೇಲೆ ಮಾತುಗಳನ್ನೆಲ್ಲ ಅಚ್ಚಿನಂಥ ಅಕ್ಷರದಲ್ಲಿ ಬರೆಸಿ, ಆಮೇಲೆ ಕಲಾವಿದನಿಗೆ ಕೊಡುತ್ತಿದ್ದರು. ಉಳಿದ ಜಾಗದಲ್ಲಿ ಅವನು ಹೆದರಿಸಬೇಕು. ಕಥೆ ಆರೆಂಟು ಪುಟ, ಕೊನೆಯಲ್ಲಿ ಒಂದು ಏಟು. ಪ್ರತಿ ಪತ್ರಿಕೆಗೂ ಒಬ್ಬ ಸುಕ್ಕುಮೋರೆಯ ಕಥೆಗಾರ, ವ್ಯಂಗ್ಯವಾಗಿ ಕಥೆ ಶುರುಮಾಡಿ ಮುಗಿಸುವವನು. 1954ರಲ್ಲಿ ಮಕ್ಕಳು ಕೆಡುತ್ತಾರೆಂಬ ಕೂಗೆದ್ದು ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರೇ ಕಟ್ಟಳೆ ಮಾಡಿಕೊಂಡರು, ಆ ಪತ್ರಿಕೆಗಳು ನಿಂತವು.

ತಮಾಷೆಯೆಂದರೆ, ಅಲ್ಲಿ ಹೆಣಗಳಿಗೆ ಬಾಗಿಲು ಹಾಕಿದ ಅದೇ ದಶಕದಲ್ಲಿ ನಮ್ಮ ಮಕ್ಕಳ ಪತ್ರಿಕೆಯಲ್ಲಿ ಹೆಣ ರಾಜನ ಹೆಗಲೇರಿತು. ಯಾರೂ ವಿಚಾರಣೆ ನಡೆಸಲಿಲ್ಲ. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಮದರಾಸಿನಲ್ಲಿ ಹೊರಡಿಸಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. 1952ರಲ್ಲಿ ಸೇರಿದ ಚಿತ್ರಕಾರ ಕೆ.ಸಿ. ಶಿವಶಂಕರನ್, ಎಲ್ಲರ ಬಾಯಲ್ಲಿ ಶಂಕರ್, ಬರೆದ ಆ ಚಿತ್ರ ಯಾರಿಗೆ ನೆನಪಿಲ್ಲ? ಕೈಯಲ್ಲಿ ಕತ್ತಿ, ಹೆಗಲಲ್ಲಿ ಹೆಣ, ಸುತ್ತ ಸ್ಮಶಾನ. ಮೂಲದ ಇಪ್ಪತ್ತೈದು ಕಥೆ ಮುಗಿದ ಮೇಲೂ ಹೊಸ ಕಥೆ ಕಟ್ಟಿಕಟ್ಟಿ ಬೇತಾಳವನ್ನು ದಶಕಗಟ್ಟಲೆ ಮಾತಾಡಿಸಿದರು. ಶಂಕರ್ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ.

ಇ.ಸಿ.ಯ ಸುಕ್ಕುಮೋರೆಯವನಾಗಲಿ, ವೇದಿಕೆಯ ಮೇಲೆ ಬಣ್ಣ ಬಳಿದುಕೊಂಡು ನಿಲ್ಲುವ ರಾಬ್ ಜಾಂಬಿಯಾಗಲಿ ಮಾಡುವುದು ಬೇತಾಳದ ಕೆಲಸವನ್ನೇ. ಕಥೆಗಳು ಬದಲಾಗುತ್ತವೆ, ಹೇಳುವವನ ಗತ್ತು ಬದಲಾಗುವುದಿಲ್ಲ. ಬೇತಾಳ ಇವರಿಗಿಂತ ಒಂದು ಹೆಜ್ಜೆ ಮುಂದೆ. ಕೊನೆಗೆ ಪ್ರಶ್ನೆ ಹಾಕಿ, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ ಎಂದು ಹೆದರಿಸುತ್ತದೆ. ಬಾಯಿ ಬಿಟ್ಟರೆ ಮರಕ್ಕೆ ಹಾರುತ್ತದೆ. ಓದುಗನನ್ನು ಇಕ್ಕಟ್ಟಿಗೆ ಸಿಲುಕಿಸುವ ಇಂಥ ಉಪಾಯ ಅಮೆರಿಕದವರಿಗೆ ಹೊಳೆಯಲಿಲ್ಲ.

ಮೈಸೂರಿನಲ್ಲಿ ಇಂಥ ಪತ್ರಿಕೆಗಳ ಹಳೆಯ ಪ್ರತಿಗಳನ್ನು ಹುಡುಕುವವರು ಹೋಗುತ್ತಿದ್ದುದು ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳಿಗೆ. 1892ರ ಆ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿಯಿತು, ಅಂಗಡಿಗಳು ಚದುರಿದವು. ಚಂದಮಾಮವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಂತುಹೋಯಿತು. ಈಗಿನ ಹುಡುಗರು ಜಪಾನಿನ ಕಾಮಿಕ್ಸ್ ಓದುತ್ತಾರೆ. ತಪ್ಪೇನಿಲ್ಲ, ಅವು ಚೆನ್ನಾಗಿಯೇ ಇವೆ. ಆದರೆ ‘ಅಮರ ಚಿತ್ರಕಥೆ’ ಎಂಬ ಹೆಸರು ಮೊದಲು ಅಚ್ಚಾದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂಥ ಕಾಮಿಕ್ಸ್ ತರಲು ಬೇಕಾದ್ದೆಲ್ಲ ಮೈಸೂರಿನಲ್ಲಿ ಇದೆ. ಇಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳಿಗೆ ಗಿಟಾರ್ ಕೂಡಿಸಿ ಲೋಕ ಸುತ್ತಿದರು. ‘ಕಾವಾ’ ಚಿತ್ರಕಲಾ ಕಾಲೇಜಿನಿಂದ ವರ್ಷವರ್ಷವೂ ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರು ಹೊರಬರುತ್ತಾರೆ. ಕಾಲೇಜುಗಳಲ್ಲಿ ಬ್ಯಾಂಡ್ ಕಟ್ಟುವವರಿಗೆ ಬರವಿಲ್ಲ. ಇವರು ಒಂದು ಕಡೆ ಕೂತು ಮೂವತ್ತೆರಡು ಪುಟದ, ಕಪ್ಪುಬಿಳುಪಿನ, ಕನ್ನಡದ ಒಂದು ಸಂಚಿಕೆ ತರಲಿ. ಮೊದಲ ಕಥೆಯಾಗಿ ದುರ್ವಿನೀತನ ಕಳೆದುಹೋದ ಪುಸ್ತಕ ತಲಕಾಡಿನ ಮರಳಿನಿಂದ ಎದ್ದು ಬರಲಿ. ಸೋಮದೇವನ ಕಥೆಗಳಿಗೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಅನುಮತಿ ಕೇಳಬೇಕಿಲ್ಲ, ಗೌರವಧನ ಕೊಡಬೇಕಿಲ್ಲ.