ಗಾಜಿನ ಮೇಲೆ ಕಲೆ ಉಳಿಸದ ನೀರು

ದೀಪಾವಳಿಯ ಮೊದಲ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ತ್ರಯೋದಶಿಯ ಸಂಜೆ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿ ಪೂಜೆ ಮಾಡುವ ಮನೆಗಳು ಈಗ ಊರಲ್ಲೇ ಕಡಿಮೆ. ಕ್ವಾಲಾಲಂಪುರದ ಹದಿನೆಂಟನೆಯ ಮಹಡಿಯಲ್ಲಂತೂ ಹಂಡೆ ಇಡಲು ಜಾಗವೇ ಇಲ್ಲ. ಆದರೆ ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಹಂಡೆಯ ಒಳಗೆ ಕಟ್ಟುತ್ತಿದ್ದ ಬಿಳಿ ಪದರ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ನೀರು ಆವಿಯಾಗಿ ಹೋಗುತ್ತದೆ, ಅದರೊಳಗಿನ ಸುಣ್ಣ ಮಾತ್ರ ಉಳಿಯುತ್ತದೆ. ಕಿಟಕಿಯ ಗಾಜನ್ನು ಎಷ್ಟು ತೊಳೆದರೂ ಒಣಗಿದ ಮೇಲೆ ಕಾಣುವ ಚುಕ್ಕೆಗಳ ಕಥೆಯೂ ಇದೇ. ಕೊಳೆ ಹೋಗಿರುತ್ತದೆ, ನೀರಿನ ಲವಣ ಕುಳಿತಿರುತ್ತದೆ.

ಮಲೇಷ್ಯಾ ಗಾಜಿನ ನಾಡು. 452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರ, 678.9 ಮೀಟರಿನ ಮೆರ್ಡೆಕಾ 118, ಅವುಗಳ ನಡುವೆ ಲೆಕ್ಕವಿಲ್ಲದಷ್ಟು ಕಚೇರಿಗಳು, ಕಾಂಡೊಗಳು, ಕಾರು ಮಳಿಗೆಗಳು. ಗೋಪುರಗಳ ಗಾಜನ್ನು ತೂಗುತೊಟ್ಟಿಲಲ್ಲಿ ಕುಳಿತೋ ಹಗ್ಗಕ್ಕೆ ನೇತುಬಿದ್ದೋ ತೊಳೆಯುತ್ತಾರೆ. ಆ ಸಾಹಸದ ಮಾತು ಬೇರೆ. ಇಲ್ಲಿ ಹೇಳಹೊರಟಿರುವುದು ನಾಲ್ಕೈದು ಮಹಡಿಯವರೆಗಿನ ಕಟ್ಟಡಗಳ ಸಂಗತಿ. ಏಣಿ ಹತ್ತಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಹುಡುಗರನ್ನು ನೀವು ನೋಡಿರುತ್ತೀರಿ. ಬಹುಪಾಲು ದೂರದ ದೇಶದಿಂದ ಸಾಲ ಮಾಡಿ ಬಂದವರು. ಎರಡನೆಯ ಮಹಡಿಯಿಂದ ಬಿದ್ದರೂ ಬೆನ್ನು ಮುರಿದೀತು. ಊರಿನಲ್ಲಿ ಒಂದು ಸಂಸಾರ ಕಂಗಾಲಾದೀತು.

ಇದಕ್ಕೆ ಪರ್ಯಾಯವಾಗಿ ಬಂದಿರುವುದು ನೀರು ಹಾಯುವ ಉದ್ದ ಕೋಲು. ಹಗುರವಾದ ಕಾರ್ಬನ್ ನಾರಿನ ಕೋಲು, ತುದಿಯಲ್ಲಿ ಬ್ರಷ್ಷು, ಒಳಗೆ ನೀರಿನ ಕೊಳವೆ. ಕಾಲು ನೆಲದ ಮೇಲೆಯೇ ಇರುತ್ತದೆ. ಆದರೆ ಅಷ್ಟು ಎತ್ತರದ ಗಾಜನ್ನು ಬಟ್ಟೆಯಲ್ಲಿ ಒರೆಸುವವರು ಯಾರು? ಆದ್ದರಿಂದ ನೀರು ತಾನಾಗಿ ಒಣಗಿ, ಏನನ್ನೂ ಉಳಿಸದೆ ಹೋಗಬೇಕು. ಅಂಥ ನೀರಿನಲ್ಲಿ ಕರಗಿದ ಲವಣ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕಿಂತ ಕಡಿಮೆ, ಸಾಧ್ಯವಾದರೆ ಸೊನ್ನೆಯ ಹತ್ತಿರ ಇರಬೇಕು. ಇದನ್ನು ತೋರಿಸುವ ಪೆನ್ನಿನಂಥ ಟಿ.ಡಿ.ಎಸ್. ಮೀಟರು ಅಗ್ಗಕ್ಕೆ ಸಿಗುತ್ತದೆ.

ಆ ನೀರು ತಯಾರಿಸುವ ಯಂತ್ರವೇ ಆರ್.ಓ., ಶಾಲೆಯ ಕನ್ನಡದಲ್ಲಿ ಹಿಮ್ಮುಖ ಅಭಿಸರಣೆ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಮರುದಿನ ಜಾಡಿಯಲ್ಲಿ ನೀರು ಬಿಟ್ಟಿರುತ್ತದಲ್ಲ, ಅದು ಅಭಿಸರಣೆ: ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಉಪ್ಪಿನ ಕಡೆಯಿಂದ ಒತ್ತಡ ಹಾಕಿ ನೀರನ್ನು ಹಿಂದಕ್ಕೆ ತಳ್ಳಿದರೆ ಅದು ಹಿಮ್ಮುಖ. ಇದಕ್ಕೆ ಬೇಕಾದ ಪೊರೆಯನ್ನು ಬಳಕೆಗೆ ಬರುವಂತೆ ಮಾಡಿದವರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಸಿಡ್ನಿ ಲೋಬ್ ಜೊತೆಗೂಡಿ 1960ರ ಆಸುಪಾಸಿನಲ್ಲಿ ಮಾಡಿದ ಕೆಲಸ ಅದು.

ಯಂತ್ರದಲ್ಲಿ ನೀರು ನಾಲ್ಕು ಮನೆ ದಾಟಿ ಬರುತ್ತದೆ. ಮೊದಲು ಮಣ್ಣು-ತುಕ್ಕು ಹಿಡಿಯುವ ಶೋಧಕ, ನಂತರ ಕ್ಲೋರಿನ್ ಹೀರುವ ಇದ್ದಿಲಿನ ಶೋಧಕ, ಆಮೇಲೆ ಆರ್.ಓ. ಪೊರೆ, ಕೊನೆಗೆ ಅಳಿದುಳಿದ ಲವಣ ಹಿಡಿಯುವ ರೆಸಿನ್ ಮಣಿಗಳು. ಇವುಗಳಲ್ಲಿ ಇದ್ದಿಲು ಅಗ್ಗದ್ದು, ನಿರ್ಲಕ್ಷ್ಯಕ್ಕೆ ಒಳಗಾಗುವುದೂ ಅದೇ. ಇಂದಿನ ತೆಳು ಪೊರೆಗೆ ಕ್ಲೋರಿನ್ ಅಂದರೆ ವಿಷ. ಇದ್ದಿಲು ದಣಿದರೆ ಕ್ಲೋರಿನ್ ನುಸುಳಿ ಪೊರೆಯನ್ನು ತಿನ್ನುತ್ತದೆ, ಒಮ್ಮೆ ತಿಂದರೆ ಅದಕ್ಕೆ ಔಷಧವಿಲ್ಲ. ಕಾಂಡೊದ ಈಜುಕೊಳಕ್ಕೆ ಬಳಸುವ ಪರೀಕ್ಷಾ ಹನಿ ಇದಕ್ಕೂ ಆಗುತ್ತದೆ: ಇದ್ದಿಲು ದಾಟಿ ಬಂದ ನೀರಿಗೆ ಹನಿ ಹಾಕಿದಾಗ ಬಣ್ಣ ತಿರುಗಿದರೆ ಇದ್ದಿಲು ಮುಗಿಯಿತೆಂದೇ ಅರ್ಥ.

ಈಗ ಸ್ವಲ್ಪ ಲೆಕ್ಕ. ಕ್ಲಾಂಗ್ ಕಣಿವೆಯ ನಲ್ಲಿಗೆ ಬರುವುದು ಹೆಚ್ಚಾಗಿ ನದಿಯ ಮೆದು ನೀರು. ಮೀಟರು ಸಾಮಾನ್ಯವಾಗಿ ಎರಡಂಕಿಯನ್ನೇ ತೋರಿಸುತ್ತದೆ. 60 ಎಂದುಕೊಳ್ಳೋಣ. ಪೊರೆ ನೂರಕ್ಕೆ 95 ಭಾಗ ತಡೆದರೆ ಆಚೆ ಬರುವುದು 3. ಆ ಮೂರನ್ನು ರೆಸಿನ್ ನುಂಗುತ್ತದೆ. ಪೊರೆ ಹಾಳಾಗಿ 80 ಭಾಗ ಮಾತ್ರ ತಡೆದರೆ 12 ಬರುತ್ತದೆ, ಅಂದರೆ ರೆಸಿನ್ನಿಗೆ ನಾಲ್ಕು ಪಟ್ಟು ಹೊರೆ. ಕೊನೆಯ ನೀರನ್ನು ಮಾತ್ರ ಅಳೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅಲ್ಲಿ ಸೊನ್ನೆಯೇ ಇರುತ್ತದೆ. ನಾಲ್ಕು ತಿಂಗಳು ಬರಬೇಕಾದ ರೆಸಿನ್ ಒಂದೇ ತಿಂಗಳಿಗೆ ಮುಗಿದಾಗ ಅಂಗಡಿಯವನನ್ನು ಬೈಯುತ್ತಾರೆ. ಆದ್ದರಿಂದ ಮೂರು ಕಡೆ ಅಳೆಯಬೇಕು: ಒಳಬರುವಲ್ಲಿ, ಪೊರೆಯ ನಂತರ, ರೆಸಿನ್ ನಂತರ. ಯಂತ್ರ ಚಾಲೂ ಮಾಡಿದ ಕೂಡಲೇ ಅಳೆಯಬಾರದು. ರಾತ್ರಿ ನಿಂತ ನೀರಿನಲ್ಲಿ ಲವಣ ಪೊರೆಯಾಚೆ ಸ್ವಲ್ಪ ಜಿನುಗಿರುತ್ತದೆ, ಹತ್ತು ನಿಮಿಷ ಹರಿಯಬಿಡಬೇಕು.

ಮೀಟರಿಗೂ ಕಾಣದ ಕಳ್ಳನೊಬ್ಬನಿದ್ದಾನೆ, ಸಿಲಿಕಾ. ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಸುಲಭವನ್ನು. ಸಿಲಿಕಾ ಅದಕ್ಕೆ ಹೆಚ್ಚು ಸ್ಪಂದಿಸುವುದಿಲ್ಲ. ದಣಿದ ರೆಸಿನ್ ಮೊದಲು ಕೈಬಿಡುವುದೂ ಅದನ್ನೇ. ಮೀಟರು ಸೊನ್ನೆ ಎಂದರೂ ಗಾಜಿನಲ್ಲಿ ಚುಕ್ಕೆ ಕಂಡರೆ ಕಣ್ಣನ್ನೇ ನಂಬಿ. ರೆಸಿನ್ನಿನಿಂದ ಮೀನಿನ ವಾಸನೆ ಬಂದರೆ ಮೂಗನ್ನು ನಂಬಿ, ಅದು ಬದಲಿಸುವ ಕಾಲ.

ಯಂತ್ರದ ಜೊತೆ ಬರುವ ಕೈಪಿಡಿಗಳನ್ನು ಬರೆದವರು ಹೆಚ್ಚಾಗಿ ಚಳಿದೇಶದವರು. ನೀರು ಹೆಪ್ಪುಗಟ್ಟದಂತೆ ಏನು ಮಾಡಬೇಕೆಂದು ಪುಟಗಟ್ಟಲೆ ಹೇಳುತ್ತಾರೆ! ನಮಗೆ ಬೇಕಾದದ್ದು ಬಿಸಿಲಿನ ಮಾತು. ಪೊರೆಯ ಉತ್ಪಾದನೆಯನ್ನು 25 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಇಲ್ಲಿಯ ನೀರು ಅದಕ್ಕಿಂತ ಬೆಚ್ಚಗಿರುವುದರಿಂದ ನೀರು ಹೆಚ್ಚು ಬರುತ್ತದೆ, ಲವಣವೂ ತುಸು ಹೆಚ್ಚು ದಾಟುತ್ತದೆ. ಸಾಮಾನ್ಯ ಪೊರೆ ತಾಳುವುದು 45 ಡಿಗ್ರಿಯವರೆಗೆ. ಮಧ್ಯಾಹ್ನ ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನೊಳಗೆ ಆ ಗೆರೆ ದಾಟುವುದು ಕಷ್ಟವೇನಲ್ಲ, ನೆರಳಲ್ಲೇ ನಿಲ್ಲಿಸಿ. ಬಿಳಿ ಟ್ಯಾಂಕಿನಲ್ಲಿ ಬೆಳಕು ಹಾಯ್ದು ಪಾಚಿ ಕಟ್ಟುತ್ತದೆ, ಕಪ್ಪು ಟ್ಯಾಂಕು ಮೇಲು. ಮುಚ್ಚಳ ಸಡಿಲವಿದ್ದರೆ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಡೆಂಗಿಯ ಈ ನಾಡಿನಲ್ಲಿ, ರೋಗಕಾರಕ ಕೀಟಗಳ ನಾಶಕ್ಕೆಂದೇ 1975ರ ಕಾಯ್ದೆಯೊಂದಿದ್ದು, ಮರಿ ಸಿಕ್ಕ ಜಾಗದ ಹೊಣೆಗಾರರಿಗೆ ದಂಡ ಬೀಳುತ್ತದೆ.

ಇನ್ನೊಂದು ಅಪ್ಪಟ ಸ್ಥಳೀಯ ತೊಂದರೆ ನೀರಿನ ಕಡಿತ. 2020ರ ಸೆಪ್ಟೆಂಬರ್‌ನಲ್ಲಿ ರಾವಾಂಗ್ ಬಳಿಯ ಸುಂಗೈ ಗೋಂಗ್ ಹೊಳೆಗೆ ಕಾರ್ಖಾನೆಯ ತ್ಯಾಜ್ಯ ಸೇರಿ, ಶುದ್ಧೀಕರಣ ಘಟಕಗಳನ್ನೇ ನಿಲ್ಲಿಸಬೇಕಾಯಿತು. ಕಣಿವೆಯ ಸುಮಾರು 12 ಲಕ್ಷ ಖಾತೆಗಳಿಗೆ ನೀರಿಲ್ಲ. ಬಕೆಟ್ಟು ಹಿಡಿದು ಲಾರಿ ಕಾದವರು ನಮ್ಮ ಸಂಘದಲ್ಲೂ ಕಡಿಮೆಯಿಲ್ಲ. ಯಂತ್ರದ ಮಟ್ಟಿಗೆ ಅಪಾಯ ಬರುವುದು ನೀರು ನಿಂತಾಗಲ್ಲ, ಮರಳಿ ಬಂದಾಗ. ಖಾಲಿಯಾದ ಹಳೆ ಕೊಳವೆಗಳ ತುಕ್ಕು ಮತ್ತು ಕೆಸರು ಚಹಾದ ಬಣ್ಣದಲ್ಲಿ ಒಮ್ಮೆಲೇ ನುಗ್ಗುತ್ತದೆ. ಅಂದು ಆತುರಪಟ್ಟು ಯಂತ್ರ ಹಚ್ಚಿದರೆ ಮೊದಲ ಶೋಧಕ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ನೀರು ತಿಳಿಯಾಗುವವರೆಗೆ ಬೇರೆ ನಲ್ಲಿಯಿಂದ ಹೊರಗೆ ಬಿಡಿ. ಇಲ್ಲಿಯ ಮನೆಗಳಲ್ಲಿ ಅಡುಗೆಮನೆಯ ನಲ್ಲಿ ಸಾಮಾನ್ಯವಾಗಿ ಬೀದಿಯ ಕೊಳವೆಗೆ ನೇರ, ಬಚ್ಚಲಿನದು ತಾರಸಿಯ ಟ್ಯಾಂಕಿಗೆ. ಟ್ಯಾಂಕಿನ ನೀರಿಗೆ ಒತ್ತಡ ಸಾಲದು, ಪಂಪು ಬೇಕಾಗುತ್ತದೆ.

ಕೆಟ್ಟಿತೆಂದು ಪೊರೆಯನ್ನು ಎಸೆಯುವ ಮೊದಲು ಒಂದು ಪ್ರಯತ್ನವಿದೆ. ಸುಣ್ಣ ಕಟ್ಟಿ ನೀರು ಕಡಿಮೆಯಾಗಿದ್ದರೆ ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ತೊಳೆಯುತ್ತಾರೆ. ಅಜ್ಜಿಯ ಹುಣಸೆಹಣ್ಣಿನ ವಿದ್ಯೆಯೇ ಇದು, ಹುಳಿಗೆ ಸುಣ್ಣ ಕರಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳ ಇಪೋ ಕಡೆ ಬೋರ್‌ವೆಲ್ ನೀರು ಬಳಸುವವರಿಗೆ ಇದು ಹೆಚ್ಚು ಉಪಯೋಗ. ನೀರು ಧಾರಾಳ ಬಂದೂ ಮೀಟರಿನ ಅಂಕಿ ಏರಿದ್ದರೆ ಮಾತ್ರ ಪೊರೆ ಹರಿದಿದೆ ಎಂದು ತಿಳಿದು ಬದಲಿಸುವುದೇ ಸರಿ.

ಪೊರೆ ತಡೆದ ಲವಣ ಎಲ್ಲಿಗೆ ಹೋಗುತ್ತದೆ? ಪಕ್ಕದ ಕೊಳವೆಯಿಂದ ಮೋರಿಗೆ. ಅರ್ಧ ನೀರು ಶುದ್ಧವಾಗಿ ಬಂದರೆ ಉಳಿದರ್ಧ ತ್ಯಾಜ್ಯ. ನಮ್ಮ ಲೆಕ್ಕದ 60ರ ನೀರಿನಲ್ಲಿ ಆ ತ್ಯಾಜ್ಯ 117 ಆಗುತ್ತದೆ, ಅಷ್ಟೆ. ನೆಲ ಒರೆಸಲು, ಗಿಡಕ್ಕೆ ಹಾಕಲು ಧಾರಾಳ ಸಾಕು. ಅದನ್ನು ಚರಂಡಿಗೆ ಬಿಡುವುದು ಶುದ್ಧ ಸೋಮಾರಿತನ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಊರೂರಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೆನೆದರೆ ಈ ನಗು ನಿಲ್ಲುತ್ತದೆ. ಅಲ್ಲಿ ಗಾಜಿನ ಹೊಳಪಿನ ಪ್ರಶ್ನೆಯಲ್ಲ, ಮಕ್ಕಳ ಹಲ್ಲು-ಮೂಳೆಯ ಪ್ರಶ್ನೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 3 ಇರುವ ಬೋರ್‌ವೆಲ್ ನೀರನ್ನು ಹೀಗೆ ಶುದ್ಧಿ ಮಾಡಿದರೆ ತ್ಯಾಜ್ಯದಲ್ಲಿ ಅದು 6ರ ಹತ್ತಿರ ಬರುತ್ತದೆ. ಅದನ್ನು ಮತ್ತೆ ನೆಲಕ್ಕೇ ಇಂಗಿಸಿದರೆ ಯಾರ ಬಾವಿಗೆ? ಅಲ್ಲಿ ಪೊರೆ ಹಾಳಾದರೂ ನಾಣ್ಯ ಹಾಕಿದರೆ ನೀರು ಬಂದೇ ಬರುತ್ತದೆ, ತಿಳಿಯಾಗಿಯೇ ಕಾಣುತ್ತದೆ. ಗಾಜು ಚುಕ್ಕೆ ತೋರಿಸಿ ತಕ್ಷಣ ಎಚ್ಚರಿಸುತ್ತದೆ. ಹಲ್ಲಿನ ಕಲೆ ಕಾಣಲು ವರ್ಷಗಳು ಬೇಕು. ಊರಿಗೆ ಹೋಗುವಾಗ ಒಂದು ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಫ್ಲೋರೈಡನ್ನು ಅದು ಪ್ರತ್ಯೇಕವಾಗಿ ತೋರಿಸದು. ಆದರೆ ಘಟಕಕ್ಕೆ ಬರುವ ನೀರಿಗೂ ಹೊರಬರುವ ನೀರಿಗೂ ಅಂಕಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಕೇಳಲು ಅಷ್ಟು ಸಾಕು.

ಬೆಂಗಳೂರಿನಿಂದ ಆರ್.ಓ. ಪೆಟ್ಟಿಗೆ ಹೊತ್ತು ತರುವ ಹೊಸಬರಿಗೆ ಒಂದು ಮಾತು. ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವಲ್ಲಿ ಆರ್.ಓ. ನಿಷೇಧಿಸಲು ಭಾರತದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿತ್ತು. ಇಲ್ಲಿಯ ನಲ್ಲಿ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ. ಕುಡಿಯಲು ಒಳ್ಳೆಯ ಇದ್ದಿಲಿನ ಶೋಧಕ ಸಾಕು. ಗಾಜು ತೊಳೆಯುವ ನೀರನ್ನು ಬಾಟಲಿಗೆ ತುಂಬಿ ಕುಡಿಯುವ ಹುಡುಗರನ್ನು ಕಂಡರೆ ತಡೆಯಿರಿ. ಆ ರೆಸಿನ್ ಕುಡಿಯುವ ನೀರಿಗೆಂದು ಮಾಡಿದ್ದಲ್ಲ.

ಹಬ್ಬದ ರಜೆಗೆ ವ್ಯಾನು ಎರಡು ವಾರ ನಿಲ್ಲುವುದಾದರೆ ಹೊರಡುವ ಮುನ್ನ ಪೊರೆಯನ್ನು ಹದಿನೈದು ನಿಮಿಷ ತೊಳೆದು, ಒಣಗದಂತೆ ನೀರು ತುಂಬಿದ ಸ್ಥಿತಿಯಲ್ಲೇ ಮುಚ್ಚಿ, ನೆರಳಲ್ಲಿಡಿ. ನಡುವೆ ಒಮ್ಮೆಯಾದರೂ ಯಾರಾದರೂ ಬಂದು ಹರಿಸಿದರೆ ಒಳ್ಳೆಯದು, ಬೆಚ್ಚಗಿನ ನೀರಿನಲ್ಲಿ ಲೋಳೆ ಬೇಗ ಕಟ್ಟುತ್ತದೆ. ಮರಳಿದ ದಿನ ಮೊದಲ ನೀರನ್ನು ಚೆಲ್ಲಿ, ಮೂರೂ ಕಡೆಯ ಅಂಕಿ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಕೋಲು ಎತ್ತಿ.