ಸೋಮಾರಿತನವಲ್ಲ, ಅದೂ ಕಾಯಿಲೆಯೇ

ಇಲ್ಲದ ಧ್ವನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂಬ ಬಲವಾದ ಸಂಶಯ, ಒಂದಕ್ಕೊಂದು ಸಂಬಂಧವಿಲ್ಲದ ಮಾತು - ಇವು ಸೈಕೋಸಿಸ್ ಎಂಬ ತೀವ್ರ ಮನೋರೋಗದ ಲಕ್ಷಣಗಳು. ಸ್ಕಿಝೋಫ್ರೇನಿಯಾ ಈ ಗುಂಪಿನ ಮುಖ್ಯ ಕಾಯಿಲೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 1.4 ಮಂದಿ ಬದುಕಿನ ಯಾವುದಾದರೊಂದು ಹಂತದಲ್ಲಿ ಇಂತಹ ಕಾಯಿಲೆ ಅನುಭವಿಸಿರುತ್ತಾರೆ. ಸಾವಿರ ವಯಸ್ಕರಿರುವ ಒಂದು ಜಮಾಅತ್‌ನಲ್ಲಿ ಇದು ಸುಮಾರು ಹದಿನಾಲ್ಕು ಮಂದಿ.

ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಹೆಚ್ಚಿನವರಲ್ಲಿ ಧ್ವನಿ, ಸಂಶಯಗಳು ತಗ್ಗುತ್ತವೆ. ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುತ್ತಾರೆ. ಸಮಸ್ಯೆಯ ಎರಡನೇ ಭಾಗ ಕಣ್ಣಿಗೆ ಬೀಳುವುದು ಆಮೇಲೆ. ಅಂಗಡಿಗೆ ಹೋದ ಮಗ ನಾಲ್ಕು ಸಾಮಾನಿನಲ್ಲಿ ಎರಡನ್ನು ಮರೆತು ಬರುತ್ತಾನೆ. ಸೊಸೆ ಒಲೆಯ ಮೇಲೆ ಹಾಲಿಟ್ಟು ಬೇರೆ ಕೆಲಸಕ್ಕೆ ಹೋದವಳು ಅದನ್ನು ಮರೆತೇ ಬಿಡುತ್ತಾಳೆ. ಆಗ ಮಗನಿಗೆ "ಮೈಗಳ್ಳ" ಎಂಬ ಹೆಸರು, ಸೊಸೆಗೆ "ಮನೆ ನಡೆಸಲು ಬಾರದವಳು" ಎಂಬ ಹೆಸರು. ಎರಡೂ ಅನ್ಯಾಯ.

ಯೂನಾನಿ ವೈದ್ಯಶಾಸ್ತ್ರದಲ್ಲಿ ಮೆದುಳಿನ ಶಕ್ತಿಗಳನ್ನು ತಖಯ್ಯುಲ್, ತಫಕ್ಕುರ್, ತಝಕ್ಕುರ್, ಅಂದರೆ ಕಲ್ಪನೆ, ಯೋಚನೆ, ನೆನಪು ಎಂದು ವಿಂಗಡಿಸಿದ್ದಾರೆ. ಸೈಕೋಸಿಸ್ ಈ ಮೂರನ್ನೂ ತಟ್ಟುತ್ತದೆ. ಮನೆಯವರ ಗಮನಕ್ಕೆ ಬರುವುದು ಮೊದಲನೆಯದು ಮಾತ್ರ. ಗಮನವಿಟ್ಟು ಕೇಳುವುದು, ಕೇಳಿದ್ದನ್ನು ನೆನಪಿಡುವುದು, ಬೇಗ ಗ್ರಹಿಸುವುದು, ಕೆಲಸವನ್ನು ಮೊದಲೇ ಯೋಜಿಸುವುದು - ಇವು ಕುಗ್ಗುವುದು ಕೂಡ ಕಾಯಿಲೆಯ ಭಾಗವೇ. ಅನೇಕರಲ್ಲಿ ಇದು ಧ್ವನಿ ಕೇಳಿಸುವುದಕ್ಕಿಂತ ಮೊದಲೇ ಶುರುವಾಗಿರುತ್ತದೆ. ಆದ್ದರಿಂದ "ಮಾತ್ರೆಯಿಂದಲೇ ಹೀಗಾಯಿತು" ಎಂದು ಮಾತ್ರೆ ನಿಲ್ಲಿಸುವುದು ತಪ್ಪು.

ಗಂಡು-ಹೆಣ್ಣಿನ ವ್ಯತ್ಯಾಸ

ಸ್ಕಿಝೋಫ್ರೇನಿಯಾ ಗಂಡಸರಲ್ಲಿ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಇಪ್ಪತ್ತೈದರೊಳಗೆ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ಸರಾಸರಿ ಕೆಲವು ವರ್ಷ ತಡ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಅವರಲ್ಲಿ ಮತ್ತೊಂದು ಸಣ್ಣ ಏರಿಕೆ ಕಂಡುಬರುತ್ತದೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನ್ ಮೆದುಳಿಗೆ ಸ್ವಲ್ಪ ರಕ್ಷಣೆ ಕೊಡುತ್ತದೆ ಎಂಬುದು ಇದಕ್ಕೆ ಸಂಶೋಧಕರು ಕೊಡುವ ಒಂದು ಮುಖ್ಯ ವಿವರಣೆ. ಆ ಹಾರ್ಮೋನ್ ಇಳಿಯುವ ದಿನಗಳಲ್ಲಿ, ಅಂದರೆ ಮುಟ್ಟಿಗೆ ಮೊದಲು, ಹೆರಿಗೆಯ ನಂತರ ಮತ್ತು ಮುಟ್ಟು ನಿಲ್ಲುವಾಗ, ಕೆಲವರಲ್ಲಿ ಕಾಯಿಲೆ ಹೆಚ್ಚುತ್ತದೆ.

ಈ ವಯಸ್ಸಿನ ಅಂತರಕ್ಕೆ ಬೆಲೆಯಿದೆ. ಹುಡುಗನಿಗೆ ಕಾಯಿಲೆ ಬರುವುದು ಓದು ಮುಗಿಸಿ ಕೆಲಸ ಕಲಿಯಬೇಕಾದ ಹೊತ್ತಿಗೆ. ಕಲಿಕೆಯೇ ಅರ್ಧಕ್ಕೆ ನಿಲ್ಲುತ್ತದೆ. ಹೆಂಗಸಿಗೆ ಬರುವ ಹೊತ್ತಿಗೆ ಓದು ಮುಗಿದಿರಬಹುದು, ಮದುವೆ-ಮಕ್ಕಳೂ ಆಗಿರಬಹುದು. ಕಲಿತದ್ದು ಅವಳ ಬೆಂಬಲಕ್ಕಿದೆ, ಹೊರಬೇಕಾದ ಹೊಣೆಯೂ ಹೆಚ್ಚಿದೆ.

ನೆನಪಿನ ಪರೀಕ್ಷೆಗಳಲ್ಲಿ ಹೆಂಗಸರು ಕೇಳಿದ ಮಾತು, ಪದಗಳನ್ನು ನೆನಪಿಡುವುದರಲ್ಲಿ ಸರಾಸರಿ ಮುಂದಿರುತ್ತಾರೆ. ಜಾಗ, ದಿಕ್ಕು, ಆಕಾರಗಳನ್ನು ಅಂದಾಜಿಸುವುದರಲ್ಲಿ ಗಂಡಸರು ಹಲವು ಅಧ್ಯಯನಗಳಲ್ಲಿ ಮುಂದಿದ್ದಾರೆ. ಆರೋಗ್ಯವಂತರಲ್ಲೂ ಇಂತಹದೇ ವ್ಯತ್ಯಾಸವಿದೆ. ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ಅಲ್ಲ, ವ್ಯಕ್ತಿಯಿಂದ ವ್ಯಕ್ತಿಗೂ ಬಹಳ ಅಂತರವಿರುತ್ತದೆ. ಕಾಯಿಲೆ ಬಂದಾಗ ಗಂಡು-ಹೆಣ್ಣು ಇಬ್ಬರಲ್ಲೂ ಈ ಶಕ್ತಿಗಳು ಕುಗ್ಗುತ್ತವೆ ಎಂಬುದು ಮಾತ್ರ ಖಚಿತ.

ಮನೆಯಲ್ಲಿ ಮೋಸ ಹೋಗುವುದು ಇಲ್ಲಿಯೇ. ಹೆಣ್ಣುಮಗಳು ಚೆನ್ನಾಗಿ ಮಾತಾಡುತ್ತಾಳೆ, ಹಳೆಯದನ್ನು ನೆನಪಿಸಿಕೊಂಡು ಹೇಳುತ್ತಾಳೆ ಎಂದಾದರೆ ಅವಳಿಗೆ ಏನೂ ಆಗಿಲ್ಲವೆಂದು ಇಡೀ ಮನೆಯ ಭಾರ ಹೊರಿಸುತ್ತಾರೆ. ಅಡುಗೆ, ಮಕ್ಕಳ ಶಾಲೆ, ಹಿರಿಯರ ಔಷಧ, ಬಂದ ಅತಿಥಿಗಳು - ಎಲ್ಲವನ್ನೂ ಒಟ್ಟಿಗೆ ನಿಭಾಯಿಸಲು ಮಾತಿನ ನೆನಪು ಸಾಲದು, ಯೋಜನಾ ಶಕ್ತಿ ಬೇಕು. ಕುಗ್ಗಿರುವುದು ಅದೇ. ಕಡಿಮೆ ಮಾತಾಡುವ ಗಂಡುಮಗನನ್ನು ಏನೂ ಅರಿಯದವನೆಂದು ಬದಿಗೆ ಕೂರಿಸಿದರೆ ಉಳಿದಿರುವ ಶಕ್ತಿಯೂ ಬಳಕೆಯಿಲ್ಲದೆ ಮಂಕಾಗುತ್ತದೆ.

"ನಿಕಾಹ್ ಆದರೆ ಸರಿಹೋಗುತ್ತದೆ" ಎಂಬ ಸಲಹೆ ಇಬ್ಬರಿಗೂ ಅಪಾಯ. ಮದುವೆ ಚಿಕಿತ್ಸೆಯಲ್ಲ. ಮುಚ್ಚಿಟ್ಟು ಮಾಡಿದ ಮದುವೆ ಮುರಿದರೆ ಹೆಣ್ಣು ತವರಿಗೆ ಮರಳುತ್ತಾಳೆ. ಗಂಡನಿಂದ ದೂರವಾದ ಇಂತಹ ಮಹಿಳೆಯರ ಬಗ್ಗೆ ಚೆನ್ನೈನ ಸ್ಕಾರ್ಫ್ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ ಹೆಚ್ಚಿನವರ ಹೊಣೆ ಬಿದ್ದದ್ದು ವಯಸ್ಸಾದ ತಂದೆ-ತಾಯಿಯ ಮೇಲೆ.

ವೈದ್ಯರಿಗೆ ಹೇಳಬೇಕಾದ ಮಾತುಗಳು

ಕೆಲವು ಮಾತ್ರೆಗಳಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಮುಟ್ಟು ತಪ್ಪಬಹುದು, ಎದೆಯಲ್ಲಿ ಹಾಲು ಬರಬಹುದು. ನಾಚಿಕೆಯಿಂದ ಮುಚ್ಚಿಡಬೇಡಿ. ವೈದ್ಯರು ಮಾತ್ರೆ ಅಥವಾ ಪ್ರಮಾಣ ಬದಲಿಸಬಲ್ಲರು. ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪನ್ನು ಇನ್ನಷ್ಟು ಮಂಕಾಗಿಸಬಹುದು. ಅದು ಇನ್ನೂ ಬೇಕೇ ಎಂದು ಕೇಳಿ. ಮಗ ಗಾಂಜಾ ಸೇದುತ್ತಿದ್ದರೆ ಅದನ್ನೂ ಹೇಳಿ. ಅದು ಕಾಯಿಲೆಯನ್ನು ಮರಳಿ ಕೆರಳಿಸುತ್ತದೆ.

ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿ ನಿದ್ದೆಯಿಲ್ಲದೆ ಗೊಂದಲದಿಂದ ಮಾತಾಡಿದರೆ, ಮಗುವಿನ ಬಗ್ಗೆ ವಿಚಿತ್ರ ಸಂಶಯ ಪಟ್ಟರೆ ಅದು ತುರ್ತುಸ್ಥಿತಿ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಹೀಗಾಗುತ್ತದೆ. ತಾಯಿ-ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ.

ಅಸ್ರೋಲ್, ಅಂದರೆ ಸರ್ಪಗಂಧದ ಬೇರನ್ನು ಹಕೀಮರು ಉನ್ಮಾದಕ್ಕೆ ಬಳಸುತ್ತಿದ್ದರು. ಅದರಿಂದ ತೆಗೆದ ರಿಸರ್ಪಿನ್ ಅನ್ನು 1950ರ ದಶಕದಲ್ಲಿ ಆಧುನಿಕ ವೈದ್ಯರೂ ಈ ಕಾಯಿಲೆಗೆ ಕೊಟ್ಟರು. ಅದು ರಕ್ತದೊತ್ತಡ ಇಳಿಸುತ್ತದೆ, ಖಿನ್ನತೆಯನ್ನೂ ತರಬಹುದು. ಇಂದು ಅದಕ್ಕಿಂತ ಉತ್ತಮ ಮಾತ್ರೆಗಳಿವೆ. ಕೇಳದೆ ಅಂಗಡಿಯಿಂದ ತಂದು ಕೊಡಬೇಡಿ. ಖಮೀರಾಗಳಲ್ಲಿ ಸಕ್ಕರೆ ಇದೆ, ಕೆಲವು ಮನೋರೋಗದ ಮಾತ್ರೆಗಳೂ ತೂಕ ಮತ್ತು ಸಕ್ಕರೆ ಏರಿಸುತ್ತವೆ. ಯೂನಾನಿ ವೈದ್ಯರ ಬಳಿ ಬಂದರೂ ಮನೋರೋಗ ತಜ್ಞರ ಚೀಟಿ ಕೈಯಲ್ಲಿರಲಿ. ದುಆ ಮಾಡಿ, ಆದರೆ ತಾವೀಝಿಗಾಗಿ ಊರೂರು ಅಲೆಯುತ್ತಾ ಚಿಕಿತ್ಸೆ ತಡಮಾಡಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

- ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಸಾಮಾನಿನ ಪಟ್ಟಿ ಬರೆದು ಕೊಡಿ.
- ದಿನಚರಿಯನ್ನು ನಮಾಝಿನ ಸಮಯಕ್ಕೆ ಜೋಡಿಸಿ. "ಇಶಾ ಆದ ಮೇಲೆ ಮಾತ್ರೆ" ಎಂಬುದು ಗಡಿಯಾರದ ಸಮಯಕ್ಕಿಂತ ಸುಲಭವಾಗಿ ನೆನಪಿರುತ್ತದೆ.
- ರಂಝಾನ್‌ಗೆ ಮೊದಲೇ ವೈದ್ಯರನ್ನು ಕಾಣಿ. ಲಿಥಿಯಂ ಸೇವಿಸುವವರಿಗೆ ನೀರು ಕಡಿಮೆಯಾದರೆ ಅಪಾಯ. ಉಪವಾಸಕ್ಕಾಗಿ ತಾವಾಗಿಯೇ ಮಾತ್ರೆ ಬಿಡಬಾರದು.
- ದಿನವೂ ಬಿರುಸಾಗಿ ನಡೆಯುವಂತೆ ನೋಡಿಕೊಳ್ಳಿ. ವ್ಯಾಯಾಮ ನೆನಪು ಮತ್ತು ಗಮನಕ್ಕೆ ನೆರವಾಗುತ್ತದೆ.
- ಗಮನ, ನೆನಪುಗಳಿಗೆ ಅಭ್ಯಾಸ ಕೊಡುವ ತರಬೇತಿ ಇದೆ. ನಿಮ್ಮ ಆಸ್ಪತ್ರೆಯ ಮನಃಶಾಸ್ತ್ರಜ್ಞರಲ್ಲಿ ವಿಚಾರಿಸಿ.
- 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅರ್ಹರು ಪ್ರಮಾಣಪತ್ರ ಪಡೆಯಬಹುದು.

ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ವೈದ್ಯರ ಬಳಿ ಹೋದಾಗ "ಧ್ವನಿ ಕೇಳಿಸುತ್ತಿದೆಯೇ" ಎಂಬ ಪ್ರಶ್ನೆಗೆ ಉತ್ತರಿಸಿ ಎದ್ದು ಬರಬೇಡಿ. ಮರೆವಿನ ಬಗ್ಗೆ, ಯಾವ ಕೆಲಸ ಸಾಗುತ್ತಿದೆ, ಯಾವುದು ಸಾಗುತ್ತಿಲ್ಲ ಎಂಬುದರ ಬಗ್ಗೆಯೂ ಹೇಳಿ ಬನ್ನಿ.