ಅಲೆಗೆ ಗುರು ಉಂಟು, ಹೊಳೆಗೆ ಯಾರುಂಟು?

ಮಾರನಹಳ್ಳಿ: ಶನಿವಾರ ನಸುಕಿನಲ್ಲಿ ಇಲ್ಲಿಂದ ಶಿರಾಡಿ ಘಾಟಿ ಇಳಿಯುವ ಬಸ್ಸುಗಳಲ್ಲಿ ಎರಡು ಥರದ ಜನ ಕೂತಿರುತ್ತಾರೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹರಕೆ ಹೊತ್ತವರು ಒಂದು ಕಡೆ. ಬೆನ್ನಿಗೆ ಬ್ಯಾಗು ಏರಿಸಿಕೊಂಡು ಸಮುದ್ರದ ಅಲೆ ಮೇಲೆ ನಿಂತು ಬರೋಣ ಅಂತ ಹೊರಟ ಬೆಂಗಳೂರಿನ ಹುಡುಗ ಹುಡುಗಿಯರು ಇನ್ನೊಂದು ಕಡೆ. ಮೊದಲನೆಯವರದು ಎಲ್ಲರಿಗೂ ಗೊತ್ತಿರುವ ವಿಚಾರ. ಎರಡನೆಯವರ ಸುದ್ದಿ ಎತ್ತಿದರೆ ಪೇಟೆಯ ಅಂಗಡಿ ಕಟ್ಟೆಯಲ್ಲಿ ನಗು. ‘ದುಡ್ಡು ಕೊಟ್ಟು ನೀರಿಗೆ ಬೀಳೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಕೆಂಪುಹೊಳೆ ಇಲ್ವಾ?’

ನಗಬಹುದು, ತಪ್ಪಿಲ್ಲ. ಆದರೆ ಅಲ್ಲಿ ನೀರಿಗೆ ಹೇಗೆ ಬೀಳಬೇಕು ಅನ್ನುವುದನ್ನೂ ಪಾಠ ಮಾಡಿ ಹೇಳಿಕೊಡುತ್ತಾರೆ. ಇಲ್ಲಿ ಹೊಳೆಗೆ ಇಳಿಯುವ ಪಡ್ಡೆ ಹುಡುಗರಿಗೆ ‘ನಿಲ್ಲಪ್ಪಾ’ ಅನ್ನುವವರೂ ಇಲ್ಲ. ವ್ಯತ್ಯಾಸ ಇಷ್ಟೇ. ಆದರೆ ಈ ವ್ಯತ್ಯಾಸಕ್ಕೆ ಮಲೆನಾಡು ಪ್ರತಿ ಮಳೆಗಾಲದಲ್ಲೂ ಜೀವದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಿದೆ.

ಮೂಲ್ಕಿಯ ಸ್ವಾಮಿ

ಮಂಗಳೂರಿನಿಂದ ಉಡುಪಿ ಬಸ್ಸು ಹತ್ತಿದರೆ ಸುಮಾರು ಮೂವತ್ತು ಕಿಲೋಮೀಟರಿಗೆ ಮೂಲ್ಕಿ. ಶಾಂಭವಿ ಹೊಳೆ ಸಮುದ್ರ ಸೇರುವ ಊರು. 2004ರಲ್ಲಿ ಅಲ್ಲೊಂದು ವಿಚಿತ್ರ ಆಶ್ರಮ ಶುರುವಾಯಿತು. ಶುರು ಮಾಡಿದವರು ಅಮೆರಿಕದಿಂದ ಬಂದ ಸನ್ಯಾಸಿ, ಪೂರ್ವಾಶ್ರಮದ ಹೆಸರು ಜ್ಯಾಕ್ ಹೆಬ್ನರ್. ಬೆಳಿಗ್ಗೆ ಜಪ, ಪೂಜೆ. ಆಮೇಲೆ ಹಲಗೆ ಹೊತ್ತುಕೊಂಡು ಸಮುದ್ರಕ್ಕೆ. ಜನ ಅವರನ್ನು ‘ಸರ್ಫಿಂಗ್ ಸ್ವಾಮಿ’ ಅಂತಲೇ ಕರೆದರು. ಕಲಿಯಲು ಬಂದವರಿಗೆ ಹೆಂಡ ಇಲ್ಲ, ಮಾಂಸ ಇಲ್ಲ, ಸಿಗರೇಟು ಇಲ್ಲ. ಮಂತ್ರ ಸರ್ಫ್ ಕ್ಲಬ್ ಅನ್ನುವ ಹೆಸರಿನಲ್ಲಿ ನಡೆದ ಈ ಶಾಲೆಯನ್ನೇ ಭಾರತದ ಮೊದಲ ಸರ್ಫಿಂಗ್ ಕ್ಲಬ್ ಎಂದು ಹೇಳುತ್ತಾರೆ.

ಸರ್ಫಿಂಗ್ ಎಂದರೆ ಅಲೆ ಸವಾರಿ. ಎಂಟೊಂಬತ್ತಡಿ ಉದ್ದದ ಹಲಗೆಯ ಮೇಲೆ ನಿಂತು ದಡಕ್ಕೆ ಬರುವ ಅಲೆಯ ಜೊತೆ ಜಾರಿಕೊಂಡು ಬರುವುದು. ಹುಟ್ಟಿದ್ದು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳ ಕಡೆ. ಅಲ್ಲಿನ ಡ್ಯೂಕ್ ಕಹನಾಮೊಕು ಎಂಬಾತ 1912ರ ಒಲಿಂಪಿಕ್ಸಿನಲ್ಲಿ ಈಜಿ ಚಿನ್ನ ಗೆದ್ದು, ಆಮೇಲೆ ದೇಶದೇಶ ಸುತ್ತಿ ಈ ಆಟವನ್ನು ಹಬ್ಬಿಸಿದ. ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಂದರೆ 2021ರಲ್ಲಿ, ಅಲೆ ಸವಾರಿಯೂ ಒಲಿಂಪಿಕ್ ಆಟವಾಯಿತು.

ನಮ್ಮ ಕರಾವಳಿಯೂ ಹಿಂದೆ ಬೀಳಲಿಲ್ಲ. 2011ರಲ್ಲಿ ಭಾರತೀಯ ಸರ್ಫಿಂಗ್ ಫೆಡರೇಷನ್ ಹುಟ್ಟಿತು. 2016ರಲ್ಲಿ ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಪಂದ್ಯ ನಡೆಯಿತು. ಮೂಲ್ಕಿಯಲ್ಲೇ ಕಲಿತ ತನ್ವಿ ಜಗದೀಶ್ ಎಂಬ ಹುಡುಗಿ ಹಲಗೆ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಗಳಲ್ಲಿ ದೇಶದ ಹೆಸರು ಹೊತ್ತು ಹೊರದೇಶಕ್ಕೆ ಹೋಗಿ ಬಂದಳು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು. ಆ ಕೂಟದಲ್ಲಿ ವೈಯಕ್ತಿಕವಾಗಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು.

ಮೊದಲ ಪಾಠ ಮರಳಿನ ಮೇಲೆ

ಹೋದ ತಕ್ಷಣ ನೀರಿಗೆ ಬಿಡುತ್ತಾರೆ ಅಂದುಕೊಂಡರೆ ತಪ್ಪು. ಮೊದಲು ಮರಳಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ಬೋರಲು ಮಲಗಿಸುತ್ತಾರೆ. ಎರಡೂ ಕೈಯಲ್ಲಿ ನೀರು ಬಗೆದಂತೆ ಮಾಡಬೇಕು, ಎದೆ ಎತ್ತಬೇಕು, ಒಂದೇ ನೆಗೆತಕ್ಕೆ ಎದ್ದು ಮಂಡಿ ಬಗ್ಗಿಸಿ ನಿಲ್ಲಬೇಕು. ಇದನ್ನೇ ಹತ್ತು ಸಲ, ಇಪ್ಪತ್ತು ಸಲ. ನೋಡುವವರಿಗೆ ತಮಾಷೆ, ಮಾಡುವವರಿಗೆ ಸೊಂಟ ನೋವು.

ಆಮೇಲೆ ನೀರು. ಅದೂ ಸೊಂಟದ ಮಟ್ಟದ ನೀರಿನಲ್ಲಿ, ಆಗಲೇ ಒಡೆದು ನೊರೆಯಾದ ಅಲೆಯಲ್ಲಿ. ಹಲಗೆಯಿಂದ ಕಾಲಿಗೆ ಒಂದು ಹಗ್ಗ ಕಟ್ಟಿರುತ್ತಾರೆ. ಬಿದ್ದರೂ ಹಲಗೆ ದೂರ ಹೋಗುವುದಿಲ್ಲ, ಹಿಡಿದುಕೊಂಡು ತೇಲಬಹುದು. ಬೀಳುವಾಗ ತಲೆ ಕೆಳಗೆ ಮಾಡಿ ಧುಮುಕಬಾರದು, ಅಗಲವಾಗಿ ಬೀಳಬೇಕು. ಮೇಲೆ ಬರುವಾಗ ಎರಡು ಕೈಯಿಂದ ತಲೆ ಮುಚ್ಚಿಕೊಂಡೇ ಬರಬೇಕು, ಇಲ್ಲವಾದರೆ ತನ್ನ ಹಲಗೆ ತನ್ನ ತಲೆಗೇ ಬಡಿಯುತ್ತದೆ. ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರು ಈಜಿ ಸುಸ್ತಾಗಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಅದರಿಂದ ತಪ್ಪಿಸಿಕೊಳ್ಳಬೇಕು.

ಕಾಲವನ್ನೂ ನೋಡುತ್ತಾರೆ. ಮಳೆಗಾಲದ ಸಮುದ್ರ ಹೊಸಬರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುವಾಗ, ನಿನ್ನೆ ಮೊನ್ನೆ ಹಲಗೆ ಹಿಡಿದವರ ಪಾಡೇನು? ಮಳೆ ಕಳೆದ ಮೇಲೆ, ಅಲೆ ಸಣ್ಣದಿರುವ ಬೆಳಗಿನ ಹೊತ್ತಿನಲ್ಲಿ ಪಾಠ. ಅಂತರರಾಷ್ಟ್ರೀಯ ಸರ್ಟಿಫಿಕೇಟು ಪಡೆಯುವ ತರಬೇತುದಾರನಿಗೆ ಆಟ ಗೊತ್ತಿದ್ದರೆ ಸಾಲದು, ಮುಳುಗುವವನನ್ನು ಎಳೆದು ತರುವುದೂ ಗೊತ್ತಿರಬೇಕು.

ಕಾಲ, ಜಾಗ, ಗುರು, ಹಗ್ಗ. ಈ ನಾಲ್ಕು ಇದ್ದರೆ ಅದು ಸಾಹಸ. ನಾಲ್ಕೂ ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಘಾಟಿ ಜನರ ದಿನನಿತ್ಯದ ಸಾಹಸ

ಮಾರನಹಳ್ಳಿಯವರಿಗೆ ಸಾಹಸ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟ ಆಳಿಗೆ ಆನೆ ಎದುರಾದರೆ ಯಾವ ಸರ್ಟಿಫಿಕೇಟೂ ಕೊಡುವುದಿಲ್ಲ. ಶಿರಾಡಿ ರಸ್ತೆಯೇ ಒಂದು ಪರೀಕ್ಷೆ. ಕಾಂಕ್ರೀಟು ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಬಂದಾಯಿತು. 2018ರ ಜುಲೈಯಲ್ಲಿ ತೆರೆದ ರಸ್ತೆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಬಂದು. 2022ರ ಜುಲೈಯಲ್ಲಿ ದೋಣಿಗಾಲ್ ಬಳಿ, 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಮಣ್ಣು ಜಾರಿತು. ಬಸ್ಸು ಸುತ್ತಿ ಬಂದರೆ ಕೂಲಿ ಹೋಯಿತು, ಸರಕು ಬಾರದಿದ್ದರೆ ಅಂಗಡಿ ಹೋಯಿತು.

ಇಂಥ ಸಾಹಸವನ್ನು ಯಾರೂ ಕೇಳಿ ಪಡೆದದ್ದಲ್ಲ. ತಾವಾಗಿ ಹುಡುಕಿಕೊಂಡು ಬರುವವರ ಕಥೆಯೇ ಬೇರೆ.

ಹಳಿ ಮೇಲಿನ ಹುಚ್ಚು

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ 55 ಕಿಲೋಮೀಟರ್ ರೈಲು ದಾರಿ, 57 ಸುರಂಗ. ದೋಣಿಗಾಲ್, ಕಡಗರವಳ್ಳಿ, ಯಡಕುಮೇರಿ, ಶಿರಿಬಾಗಿಲು ದಾಟಿ ಇಳಿಯುವ ಈ ದಾರಿ 1979ರಲ್ಲಿ ಮೀಟರ್ ಗೇಜಿನಲ್ಲಿ ಶುರುವಾಯಿತು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ರೈಲು ನಿಂತಿತು. ಆ ವರ್ಷಗಳು ಚಾರಣಿಗರಿಗೆ ಹಬ್ಬ. ಖಾಲಿ ಹಳಿ, ಖಾಲಿ ಸುರಂಗ, ಕೆಳಗೆ ಕಣಿವೆ. ‘ಗ್ರೀನ್ ರೂಟ್’ ಅನ್ನುವ ಹೆಸರು ಊರೂರಿಗೆ ಹಬ್ಬಿತು.

2006ರಲ್ಲಿ ಗೂಡ್ಸು, 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ವಾಪಸು ಬಂತು. ಹೆಸರು ಮಾತ್ರ ಹೋಗಲಿಲ್ಲ. ಇವತ್ತಿಗೂ ಹಳಿ ಮೇಲೆ ನಡೆಯಲು ಬರುವವರಿದ್ದಾರೆ. ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಹೀಗೆ ನುಗ್ಗಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಬದಿಗಿರಲಿ, ಲೆಕ್ಕ ಹಾಕಿ ನೋಡಿ. ಐವತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿ. ಸಾವಿರಾರು ಟನ್ನು ಹೊತ್ತು ಇಳಿಯುವ ಗೂಡ್ಸು ಗಾಡಿಗೆ ತಿರುವಿನಲ್ಲಿ ಮನುಷ್ಯ ಕಂಡ ಕೂಡಲೇ ನಿಲ್ಲಲು ಸಾಧ್ಯವೇ? ಸೇತುವೆ ನಡುವೆ ಸಿಕ್ಕಿದವನು ಎತ್ತ ಹಾರಬೇಕು?

ನೀರಿನ ಮೋಸ

ಹಳಿಗಿಂತ ಹೊಳೆ ಮೋಸ. ಹಳಿ ಮೇಲೆ ರೈಲಿನ ಸದ್ದಾದರೂ ಬರುತ್ತದೆ. ಘಾಟಿ ಹಳ್ಳಗಳಲ್ಲಿ ಕೆಳಗೆ ಬಿಸಿಲು ಕಾಯುತ್ತಿರುವಾಗಲೇ ಮೇಲೆ ಗುಡ್ಡದಲ್ಲಿ ಮಳೆ ಹೊಡೆದಿರುತ್ತದೆ. ಮಂಡಿ ಮಟ್ಟ ಇದ್ದ ನೀರು ನೋಡ ನೋಡುತ್ತ ಎದೆಗೆ ಬರುತ್ತದೆ. ಹಿರೀಕರಿಗೆ ಇದರ ಗುರುತು ಗೊತ್ತು: ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿ ತೇಲಿ ಬರಲು ಶುರುವಾದರೆ, ಮೇಲಿನಿಂದ ಮೊರೆತ ಕೇಳಿದರೆ ಮಾತಾಡದೆ ದಡ ಹತ್ತಬೇಕು. ಫೋಟೋ ತೆಗೆಯಲು ಬಂದವನಿಗೆ ಈ ಗುರುತು ಹೇಳುವವರಾರು? ಪಾಚಿ ಬಂಡೆಯ ಮೇಲೆ ಬೂಟು ಜಾರುತ್ತದೆ. ಅಬ್ಬಿಯ ಕೆಳಗಿನ ಗುಂಡಿಯಲ್ಲಿ ನೀರು ಸುತ್ತು ಹೊಡೆದು ಒಳಕ್ಕೆಳೆಯುತ್ತದೆ. ಒಬ್ಬನನ್ನು ಉಳಿಸಲು ಇನ್ನೊಬ್ಬ ಹಾರುತ್ತಾನೆ, ಮನೆಗೆ ಎರಡು ಹೆಣ ಬರುತ್ತವೆ.

ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಕೆಂಪುಹೊಳೆ ಗುಂಡ್ಯ ಹೊಳೆಗೆ, ಅದು ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ. ಕೆಳಗೆ ಸಮುದ್ರಕ್ಕೆ ಇಳಿಯುವವನಿಗೆ ಪಾಠ ಉಂಟು. ಮೇಲೆ ಅದೇ ನೀರಿಗೆ ಇಳಿಯುವವನಿಗೆ ಯಾಕಿಲ್ಲ?

ಆಗದ ಕೆಲಸವೇನಲ್ಲ

ವ್ಯವಸ್ಥೆ ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ದೃಷ್ಟಾಂತ ಪಕ್ಕದಲ್ಲೇ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜಾತ್ರೆಯಂತೆ ಜನ ಮುಗಿಬಿದ್ದಾಗ ಸರ್ಕಾರ ಎಚ್ಚೆತ್ತು ಅರಣ್ಯ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಇಷ್ಟೇ ಜನ, ಇಂಥದೇ ದಾರಿ ಅನ್ನುವ ಕಟ್ಟು ಬಂತು.

ಹೊಳೆಗೂ ಅಂಥದೊಂದು ಕಟ್ಟು ಬೇಕು. ಜನ ಇಳಿಯುವ ಜಾಗಗಳನ್ನು ಗುರುತಿಸಿ, ಆಳ ಎಷ್ಟು, ಯಾವ ತಿಂಗಳು ಇಳಿಯಬಾರದು ಅಂತ ದೊಡ್ಡಕ್ಷರದ ಬೋರ್ಡು ಹಾಕಬೇಕು. ಶನಿವಾರ ಭಾನುವಾರ ಈಜು ಬಲ್ಲ ಸ್ಥಳೀಯ ಹುಡುಗರನ್ನೇ ಕೂಲಿ ಕೊಟ್ಟು ಕಾವಲಿಗೆ ನಿಲ್ಲಿಸಬೇಕು. ಮೂಲ್ಕಿ ಕಡೆ ಸಮುದ್ರ ಬಲ್ಲ ಹುಡುಗರು ಗುರುಗಳಾಗಿ ಸಂಪಾದನೆ ಮಾಡುತ್ತಿರುವಾಗ, ಇಲ್ಲಿ ಕಾಡು ಹೊಳೆ ಬಲ್ಲ ಹುಡುಗರು ಕೆಲಸ ಹುಡುಕಿ ಬೆಂಗಳೂರಿಗೆ ಯಾಕೆ ಹೋಗಬೇಕು? ಶಾಲೆ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಈಜು ಕಲಿಸಲು ಪಂಚಾಯ್ತಿ ಮನಸ್ಸು ಮಾಡಬೇಕು.

ಸರ್ಕಾರ ಬರುವವರೆಗೆ ಅಂಗಡಿಯವರೂ ಸುಮ್ಮನಿರಬೇಕಿಲ್ಲ. ಹೊಳೆ ದಾರಿಯ ಪ್ರತಿ ಅಂಗಡಿಯಲ್ಲಿ ಇಪ್ಪತ್ತು ಮೊಳ ಗಟ್ಟಿ ಹಗ್ಗ, ಅದರ ತುದಿಗೆ ಬಾಯಿ ಬಿಗಿದ ಖಾಲಿ ಎಣ್ಣೆ ಕ್ಯಾನು ಕಟ್ಟಿ ತೂಗುಹಾಕಿರಲಿ. ಮುಳುಗುವವನತ್ತ ಎಸೆದರೆ ಹಿಡಿದು ತೇಲುತ್ತಾನೆ, ದಡದಿಂದಲೇ ಎಳೆಯಬಹುದು, ಇನ್ನೊಬ್ಬ ಹಾರಬೇಕಿಲ್ಲ. ಬಿಸ್ಕತ್ತು ನೀರಿನ ಬಾಟಲಿ ಕೊಳ್ಳಲು ಬಂದವರಿಗೆ ಚಿಲ್ಲರೆಯ ಜೊತೆ ಒಂದು ಮಾತು: ‘ಮೇಲ್ಗಡೆ ಮಳೆ ಆಗಿದೆ, ಇವತ್ತು ಇಳೀಬೇಡ್ರಪ್ಪಾ.’

ಈ ಮಾತಿಗೆ ಖರ್ಚಿಲ್ಲ. ಬೋರ್ಡಿಗೆ, ಕಾವಲಿಗೆ ಖರ್ಚಿದೆ. ಮುಂದಿನ ಮಳೆಗೆ ಮುಂಚೆ ತಾಲ್ಲೂಕು ಆಡಳಿತ, ಪ್ರವಾಸೋದ್ಯಮ ಇಲಾಖೆ, ಪಂಚಾಯ್ತಿ ಮೂರೂ ಸೇರಿ ಆ ಲೆಕ್ಕ ಹಾಕುವುವೇ ಎಂದು ಘಾಟಿ ಜನ ಕೇಳುತ್ತಿದ್ದಾರೆ.